ಹಗೇವಿನ ಮೇಲಿನ ಕಲ್ಲು

ಒಂದಾನೊಂದು ಕಾಲದಲ್ಲಿ, ಕಾಲು ಒದರಬೇಡ ಮಗಾ, ಹೊದ್ದಿಕೆ ಜಾರುತ್ತೆ, ಒಂದೂರಲ್ಲಿ ಬೋರ ಅಂತ ಒಬ್ಬ ಗರಡಿ ಆಳು ಇದ್ನಂತೆ, ಅವನ ಹೆಂಡ್ತಿ ಕೆಂಪಾಜಿ. ಅವರ ರಾಗಿಯೆಲ್ಲಾ ಹಿತ್ತಲಲ್ಲಿ ನೆಲ ತೋಡಿ ಮಾಡಿದ ಹಗೇವಿನೊಳಗಿತ್ತಂತೆ, ಅದರ ಬಾಯಿಗೊಂದು ದಪ್ಪ ಕಲ್ಲು. ಅದನ್ನೆತ್ತೋಕೆ ಬೋರನೇ ಬರ್ಬೇಕು, ಅವನು ಗರಡೀಲಿ ಮೀಸೆ ತಿರುವ್ತಾ ಕೂತಿರೋನು. ಮಕ್ಕಳು ಹಸಿವು ಅಂತ ಅಳೋವು, ಇವಳು ಹೋಗಿ ಕರೆಯೋಳು, ಬಂದೆ ಬಂದೆ ಅನ್ನೋನು, ಬರ್ತಿರಲಿಲ್ಲ. ಹೇಳೋಕೇ ನಂಗೆ ಮೈ ಉರಿಯುತ್ತೆ.

ಕೊನೆಗೆ ಕೆಂಪಾಜಿ ಬೇಸತ್ತು, ಆ ಕಲ್ಲು ನಾನೇ ಎತ್ತೋದು ಕಲೀತೀನಿ ಅಂದ್ಲಂತೆ. ಬೋರ ನಕ್ಕು, ಹೆಂಗಸರಿಗೆ ಭಾರ ಆಗಿಬರಲ್ಲ, ತೋಳು ಗಂಡಸರ ಥರ ಆಗ್ಬಿಡುತ್ತೆ, ಬೇಕಾದ್ರೆ ಚೆಂಬು ಹಿಡ್ಕೊಂಡು ನೂರು ಸಲ ಎತ್ತಿಳಿಸು ಅಂದ್ನಂತೆ. ಪಾಪ, ಇವಳು ಬೇಸಿಗೆ ಪೂರ್ತಿ ಚೆಂಬು ಎತ್ತಿದ್ಲು. ಕಲ್ಲು ಮಿಸುಕಲಿಲ್ಲ. ಆಮೇಲೆ ಅವಳತ್ತೆ ರೇಗಿ, ಅವನ ಮಾತು ಕೇಳ್ತೀಯಲ್ಲೇ, ಹೆತ್ತೋಳು ನಾನು, ನಂಗೊತ್ತಿಲ್ವಾ ಅವನ ಬುದ್ಧಿ, ಚೆಂಬು ಎತ್ತಿದ್ರೆ ಚೆಂಬೆತ್ತೋ ಶಕ್ತಿ ಬರುತ್ತೆ ಅಷ್ಟೇ, ಭಾರದ್ದು ಹಿಡಿ, ಕುಕ್ಕರುಗಾಲಲ್ಲಿ ಕೂತು ತೊಡೆ ಬಲದಿಂದ ಏಳು ಅಂದ್ಲಂತೆ.

ಮೊದಲು ಒರಳಿನ ಗುಂಡು ಎತ್ತಿದ್ಲಂತೆ. ಅದು ಹಗುರ ಅನ್ನಿಸಿದ ಮೇಲೆ ರಾಗಿ ಬೀಸೋ ಕಲ್ಲು, ಆಮೇಲೆ ಗರಡಿ ಹಿಂದೆ ಬಿದ್ದಿದ್ದ ಗುಂಡುಕಲ್ಲು. ನಾಕು ಸಲ ಎತ್ತೋಳು, ಹೊಟ್ಟೆ ತುಂಬ ಮುದ್ದೆ ಉಣ್ಣೋಳು, ತೆಪ್ಪಗೆ ಮಲಗೋಳು. ನಿನ್ನ ಹಾಗೆ ಹೊರಳಾಡ್ತಿರಲಿಲ್ಲ.

ಒಂದಿನ ರಾಜನ ದಂಡಿನೋರು, ಕಟ್ಟುಮಸ್ತಾದ ಗಂಡಸರನ್ನ ಯುದ್ಧಕ್ಕೆ ಹಿಡ್ಕೊಂಡು ಹೋಗೋಕೆ ಬಂದ್ರಂತೆ. ನಮ್ಮ ಶೂರ ಬೋರ ಹಗೇವಿಗಿಳಿದು, ಕಲ್ಲು ಮುಚ್ರೋ ಅಂತ ಗರಡಿ ಗೆಳೆಯರಿಗೆ ಹೇಳಿದ್ನಂತೆ. ಅವರು ಮುಚ್ಚಿ ತಿರುಗಿದ್ರೆ, ದಂಡಿನೋರು ಅವರನ್ನೇ ಹಿಡ್ಕೊಂಡು ಹೋದ್ರಂತೆ. ಇನ್ನು ತೆಗೆಯೋರ್ಯಾರು? ಹಗೇವೊಳಗೆ ಉಸಿರು ಕಟ್ಟುತ್ತೆ ಮಗಾ, ಸತ್ತೇ ಹೋಗ್ತಾರೆ. ಆ ದಡ್ಡನಿಗೆ ಅದೂ ಹೊಳೆದಿರಲಿಲ್ಲ.

ಒಳಗಿಂದ ಬೋರ ಕೂಗ್ಕೊಳ್ಳೋದು ಕೇಳಿ ಕೆಂಪಾಜಿ ಓಡಿಬಂದು, ಸೆರಗು ಸಿಕ್ಕಿಸಿ, ಕುಕ್ಕರುಗಾಲಲ್ಲಿ ಕೂತ್ಲಂತೆ. ಒಂದ್ಸಲ ಎತ್ತೋಕೆ ನೋಡಿದ್ಲು, ಕಲ್ಲು ಜಗ್ಗಲಿಲ್ಲ. ಎರಡನೇ ಸಲ ಅಲ್ಲಾಡ್ತು, ಅಷ್ಟರಲ್ಲಿ ಒಳಗಿನ ಕೂಗು ನಿಂತೇಹೋಯ್ತಂತೆ. ಮೂರನೇ ಸಲ ತೊಡೆ ನಡುಗಿದ್ರೂ ಬಿಡದೆ ಎದ್ದು ಕಲ್ಲನ್ನ ಪಕ್ಕಕ್ಕೆ ಹಾಕಿ, ಬೋರನ ಜುಟ್ಟು ಹಿಡಿದು ಮೇಲಕ್ಕೆಳೆದ್ಲಂತೆ.

ಆ ಪುಣ್ಯಾತ್ಮ ಕಣ್ಣು ಬಿಟ್ಟು ಏನು ಕೇಳಿದ ಗೊತ್ತಾ? ಯಾರು ಬಂದು ಎತ್ತಿಕೊಟ್ರು ಅಂದ್ನಂತೆ. ಇಂಥೋರಿಗೆ ಏನು ಹೇಳೋದು. ಕೆಂಪಾಜಿ ಅವನ ಕೈಗೆ ಚೆಂಬು ಕೊಟ್ಟು, ನೀರು ಕುಡಿ, ಇವತ್ತು ನೀನು ಇದನ್ನೆತ್ತಿದ್ರೆ ಸಾಕು ಅಂದ್ಲಂತೆ.

ಆಮೇಲೆ ಆ ಮನೆ ಮಕ್ಕಳು ಹೊತ್ತಿಗೆ ಸರಿಯಾಗಿ ಉಂಡು ಸುಖವಾಗಿದ್ವಂತೆ. ಅಲ್ಲಿಗೆ ಕತೆ ಮುಗೀತು. ನಾಳೆ ಒರಳು ಗುಂಡು ಎತ್ತುವೆಯಂತೆ, ಈಗ ಕಣ್ಣು ಮುಚ್ಚು.