ಕಾಲು ಸಡಿಲಿಸಿದ ತಿರುವು

"ಓದುವಾಗ ಎಡವುವವನನ್ನು ಶ್ರಾವಣದ ಪುರಾಣಕ್ಕೆ ಕಳಿಸುತ್ತೀರಿ. ಒಮ್ಮೆಯೂ ಎಡವದ ನನ್ನನ್ನು ಮಠದಲ್ಲೇ ಇರು ಅನ್ನುತ್ತೀರಿ. ಇದು ಯಾವ ನ್ಯಾಯ, ಬುದ್ಧಿ?"

ಕೇಳಿದವನು ಶಾಂತವೀರ. ಗುರುಗಳ ಎದುರು ದನಿ ಎತ್ತಿ ಗೊತ್ತಿಲ್ಲದ ಶಿಷ್ಯ. ಅಂದು ಮಾತ್ರ ಎತ್ತಿದ್ದ. ಎತ್ತದೆ ಇನ್ನೇನು ಮಾಡಿಯಾನು? ಶ್ರಾವಣ ಮಾಸ ಪೂರ್ತಿ ಪಕ್ಕದ ಪಟ್ಟಣದಲ್ಲಿ ಶರಣರೊಬ್ಬರ ಪುರಾಣ ಓದಿ ಜನರಿಗೆ ಅರ್ಥ ಹೇಳಲು ಮಠದಿಂದ ಒಬ್ಬನು ಹೋಗಬೇಕಿತ್ತು. ಅದಕ್ಕಾಗಿ ಅವನೂ ಅವನ ಜೊತೆಯ ಶಿಷ್ಯ ಮೃತ್ಯುಂಜಯನೂ ಬೇಸಿಗೆಯುದ್ದಕ್ಕೂ ಗುರುಗಳ ಮುಂದೆ ಕುಳಿತು ಓದಿದ್ದರು. ಅಂದಂದಿನ ಅಧ್ಯಾಯವನ್ನು ಓದುವವನೇ ಆರಿಸಿಕೊಳ್ಳುವುದು ಆ ಮಠದ ರೂಢಿ. ಮೃತ್ಯುಂಜಯ ತೊದಲುತ್ತಿದ್ದ, ಅರ್ಥ ತಪ್ಪುತ್ತಿದ್ದ, ಕೆಲವೊಮ್ಮೆ ನಡುವೆಯೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಶಾಂತವೀರನದು ಎಲ್ಲೂ ತಡೆಯದ ಓದು. ಹೋದ ವರ್ಷ ತಾಯಿಯನ್ನು ಮಣ್ಣು ಮಾಡಿ ಬಂದವನು ಮರುದಿನವೇ ಅಭ್ಯಾಸಕ್ಕೆ ಕುಳಿತಿದ್ದ. ಎಂಥ ಗಟ್ಟಿ ಮನಸ್ಸು ಎಂದು ಮಠದವರೆಲ್ಲ ಹೊಗಳಿದ್ದರು.

ಗುರುಗಳು ನಕ್ಕರು. "ಕೂತುಕೋ ಮರಿ. ನಿನಗೊಂದು ಮೋಟಾರು ಪಂದ್ಯದ ಕತೆ ಹೇಳುತ್ತೇನೆ."

ಶಾಂತವೀರ ಮುಖ ಊದಿಸಿಕೊಂಡೇ ಕುಳಿತ. ಪುರಾಣದ ಮಾತಿನ ನಡುವೆ ಮೋಟಾರು ಎಲ್ಲಿಂದ ಬಂತು ಎಂದು ಕೇಳುವಷ್ಟು ಧೈರ್ಯ ಅವನಲ್ಲಿ ಉಳಿದಿರಲಿಲ್ಲ. ಇದ್ದದ್ದನ್ನೆಲ್ಲ ಮೊದಲ ಪ್ರಶ್ನೆಗೇ ಖರ್ಚು ಮಾಡಿದ್ದ. ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಅವನಿಗೆ ಮೋಟಾರು ಪಂದ್ಯದ ಹುಚ್ಚು. ಪಂದ್ಯದ ಕಾರೊಂದನ್ನು ಕಟ್ಟಿಸಿ, ಅದಕ್ಕೆ ಒಬ್ಬ ಮೆಕ್ಯಾನಿಕ್ಕನನ್ನೂ ಒಬ್ಬ ಚಾಲಕನನ್ನೂ ನೇಮಿಸಿಕೊಂಡ. ಚಾಲಕ ಗಟ್ಟಿಗ. ಆದರೆ ಹಿಂದಿನ ವರ್ಷ ಬೇರೊಂದು ತಂಡದಲ್ಲಿದ್ದಾಗ ಅವನ ಕೈಯಲ್ಲಿ ಕಾರು ಮೇಲಿಂದ ಮೇಲೆ ಕೆಟ್ಟು ನಿಂತಿತ್ತು. ತಪ್ಪು ಅವನದಲ್ಲ. ಆದರೂ 'ಕಾರು ಮುರಿಯುವವನು' ಎಂಬ ಹೆಸರು ಅವನಿಗೇ ಅಂಟಿಕೊಂಡಿತು. ಆ ತಂಡ ಅವನನ್ನು ಕೈಬಿಟ್ಟಿತು, ಉಳಿದವರು ಕಂಡೂ ಕಾಣದಂತಿದ್ದರು, ಈ ವರ್ತಕನೊಬ್ಬನೇ ಕರೆದು ಕೆಲಸ ಕೊಟ್ಟ. ಇಲ್ಲಿಯೂ ಕಾರು ನಿಂತರೆ ತನ್ನನ್ನು ಇನ್ನಾರೂ ಹತ್ತಿರ ಸೇರಿಸುವುದಿಲ್ಲ ಎಂಬ ಭಯ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಅಂಥ ಭಯವಿರುವವನನ್ನು ದೂರ ನಿಂತು ಬೈಯುವುದು ಸುಲಭ, ಪಾಪ.

ವರ್ಷದ ಪಂದ್ಯಗಳು ಶುರುವಾಗುವ ಮೊದಲು ಎಲ್ಲ ತಂಡಗಳೂ ಒಂದು ಕಡೆ ಸೇರಿ ತಮ್ಮ ತಮ್ಮ ಕಾರುಗಳನ್ನು ಓಡಿಸಿ ಪರೀಕ್ಷೆ ಮಾಡುವ ಪದ್ಧತಿಯುಂಟು. ಅಲ್ಲಿ ಬಹುಮಾನವಿಲ್ಲ, ಸೋಲು ಗೆಲುವಿಲ್ಲ. ಆದರೂ ಯಾರು ಎಷ್ಟು ಬೇಗ ಒಂದು ಸುತ್ತು ಮುಗಿಸಿದರು ಎಂದು ಹಲಗೆಯ ಮೇಲೆ ಬರೆಯುತ್ತಾರೆ. ಬರೆದದ್ದನ್ನು ನೋಡದೆ ಇರುವವರು ಯಾರು?

ಮೊದಲ ದಿನವೇ ಚಾಲಕನಿಗೆ ಒಂದು ಸಂಗತಿ ಗೊತ್ತಾಯಿತು. ದೊಡ್ಡ ತಿರುವಿನಲ್ಲಿ ಆಕ್ಸಿಲರೇಟರಿನ ಮೇಲೆ ಕಾಲನ್ನು ಪೂರ್ತಿ ಒತ್ತಿದರೆ ಗೇರಿನ ಹಿಡಿಯಲ್ಲಿ ಒಂದು ಸಣ್ಣ ನಡುಕ. ಅದು ಅಂಗೈಗೆ ಮಾತ್ರ ತಿಳಿಯುವಂಥದು. ಕಾಲನ್ನು ತುಸು ಸಡಿಲಿಸಿದರೆ ನಡುಕವಿಲ್ಲ. ಅವನು ಸಡಿಲಿಸಿದ. ಮುಂದಿನ ಸುತ್ತಿನಲ್ಲೂ ಸಡಿಲಿಸಿದ. ಅಲ್ಲಿ ಕಳೆದುಕೊಂಡ ಹೊತ್ತನ್ನು ಬೇರೆ ಕಡೆ ತುಂಬಿಕೊಳ್ಳಲು, ಟ್ಯಾಂಕಿಗೆ ಪೆಟ್ರೋಲು ಕಡಿಮೆ ಹಾಕಿ ಎಂದ. ಹಗುರಾದ ಕಾರು ನೇರ ದಾರಿಯಲ್ಲಿ ಚಿಮ್ಮಿ ಓಡಿತು.

ಕಾರಿನಿಂದ ಇಳಿದಾಗ ಮೆಕ್ಯಾನಿಕ್ ಕೇಳಿದ: "ಎಲ್ಲಾದರೂ ಸದ್ದು ಗಿದ್ದು?"

"ಏನೂ ಇಲ್ಲಣ್ಣ. ಗಾಡಿ ಚೆನ್ನಾಗಿದೆ."

ಮೆಕ್ಯಾನಿಕ್ ನಂಬಿದ. ಬಾನೆಟ್ಟು ಮುಚ್ಚಿ ಕೈ ಒರೆಸಿಕೊಂಡ. ಮರುದಿನ ಚಾಲಕನಿಗೆ ಮನಸ್ಸು ತಡೆಯಲಿಲ್ಲ. ಹೇಳಿಬಿಡೋಣ ಎಂದು ಮೆಕ್ಯಾನಿಕ್ಕನ ಡೇರೆಯವರೆಗೂ ಹೋದ. ಒಳಗೆ ವರ್ತಕ ನಿಂತಿದ್ದ. "ನಮ್ಮ ಹುಡುಗ ನನ್ನ ಮಾನ ಉಳಿಸಿದ" ಎಂದು ಯಾರಿಗೋ ಹೇಳಿಕೊಂಡು ಹಿಗ್ಗುತ್ತಿದ್ದ. ಚಾಲಕ ಬಂದ ದಾರಿಯಲ್ಲೇ ತಿರುಗಿದ.

ಪಕ್ಕದ ತಂಡದ ಪಾಡು ಬೇರೆ. ಅವರ ಚಾಲಕ ಟ್ಯಾಂಕು ತುಂಬಿಸಿಕೊಂಡು ಹೊರಡುತ್ತಿದ್ದ, ಎಲ್ಲೋ ಹೊಗೆ ಬಿಟ್ಟುಕೊಂಡು ನಿಲ್ಲುತ್ತಿದ್ದ. ಹಗ್ಗ ಕಟ್ಟಿ ಎಳೆದು ತರುತ್ತಿದ್ದರು. ಎಲ್ಲಿ ಏನಾಯಿತೆಂದು ತನ್ನ ಮೆಕ್ಯಾನಿಕ್ಕನಿಗೆ ಬಿಡದೆ ಹೇಳಿ, ರಿಪೇರಿಯಾದ ಮೇಲೆ ಅದೇ ಜಾಗಕ್ಕೆ ಹೋಗಿ ಮತ್ತೆ ಅಷ್ಟೇ ಬಲವಾಗಿ ಒತ್ತುತ್ತಿದ್ದ. ಮತ್ತೆ ಹಗ್ಗ. "ಎತ್ತು ಹೂಡಿಕೊಂಡೇ ಬರಬಾರದಿತ್ತೆ?" ಎಂದು ನೋಡುವವರು ಗೇಲಿ ಮಾಡಿದರು. ನಮ್ಮ ಚಾಲಕನೂ ನಕ್ಕ. ನಗುವಾಗಲೂ ಅಂಗೈಯಲ್ಲಿ ಆ ನಡುಕ ನೆನಪಾಗುತ್ತಿತ್ತು.

ಪರೀಕ್ಷೆ ಮುಗಿದಾಗ ಹಲಗೆಯ ಮೇಲೆ ಅವನ ಹೆಸರೇ ಮೊದಲು. ಕಾರು ಒಮ್ಮೆಯೂ ನಿಂತಿರಲಿಲ್ಲ. ವರ್ತಕ ಪೇಡೆ ಹಂಚಿದ. ಕಾರು ಮುರಿಯುವವನು ಎಂದವರೇ ಬಂದು ಬೆನ್ನು ತಟ್ಟಿದರು. ಬಹಳ ದಿನಗಳ ಮೇಲೆ ಅವನು ಅಂದು ಹೊಟ್ಟೆ ತುಂಬ ಉಂಡ.

ಪಂದ್ಯದ ದಿನ ಬಂತು. ಓಟ ಉದ್ದ, ಟ್ಯಾಂಕು ತುಂಬಿಸಲೇಬೇಕು. ಭಾರವಾದ ಕಾರು ಪರೀಕ್ಷೆಯಲ್ಲಿ ಚಿಮ್ಮಿದಂತೆ ಚಿಮ್ಮಲಿಲ್ಲ. ಆದರೂ ಅವನು ಕೈಚಳಕ ಬಲ್ಲವನು, ಮುಂದೆಯೇ ಇದ್ದ. ದೊಡ್ಡ ತಿರುವು ಬಂದಾಗಲೆಲ್ಲ ಕಾಲು ಸಡಿಲಿಸಿದ. ಹಿಂದೆ ಬರುತ್ತಿದ್ದವನು ಅದನ್ನು ಕಂಡುಕೊಂಡ. ಕಾದು, ಅದೇ ತಿರುವಿನಲ್ಲಿ ಪಕ್ಕಕ್ಕೆ ನುಗ್ಗಿದ. ಈಗ ಸಡಿಲಿಸಿದರೆ ಜಾಗ ಹೋಯಿತು. ಚಾಲಕ ಹಲ್ಲು ಕಚ್ಚಿ ಕಾಲನ್ನು ಪೂರ್ತಿ ಒತ್ತಿದ. ಗೇರ್‌ಬಾಕ್ಸ್ ಒಡೆಯಿತು. ಕಾರು ಹುಲ್ಲಿನ ಮೇಲೆ ಸರಿದು ನಿಂತಿತು, ಉಳಿದವರೆಲ್ಲ ಹಾದುಹೋದರು.

ಮೆಕ್ಯಾನಿಕ್ ಓಡಿ ಬಂದ. ಬಿಚ್ಚಿ ನೋಡಿದರೆ ಸವೆದ ಬೇರಿಂಗ್ ಒಂದು ಪುಡಿಯಾಗಿತ್ತು. ಮೊದಲೇ ತಿಳಿದಿದ್ದರೆ ಬದಲಿಸಲು ಒಂದು ಮಧ್ಯಾಹ್ನ ಸಾಕಾಗುತ್ತಿತ್ತು. ಅವನು ತಲೆಯೆತ್ತಿ ಚಾಲಕನ ಮುಖ ನೋಡಿದ; ಎಲ್ಲ ಅರ್ಥವಾಯಿತು. ಬೈಯಬಹುದಿತ್ತು, ಬೈಯಲಿಲ್ಲ. ಪಕ್ಕದಲ್ಲಿ ಕುಳಿತು ಅವನ ಭುಜದ ಮೇಲೆ ಕೈಯಿಟ್ಟ.

"ಹೇಳಿದರೆ ಕೆಲಸ ಹೋಗುತ್ತದೆ ಅಂದುಕೊಂಡೆಯಾ?"

ಚಾಲಕ ಹೌದೆಂದು ತಲೆಯಾಡಿಸಿದ.

"ಆ ಪರೀಕ್ಷೆಯ ದಿನಗಳು ಇದ್ದದ್ದು ನನಗಾಗಿ, ತಮ್ಮಾ. ನೀನು ಅವನ್ನು ನೋಡುವವರಿಗೆ ಕೊಟ್ಟುಬಿಟ್ಟೆ."

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಾಂತವೀರನ ಸಿಟ್ಟು ಯಾವಾಗಲೋ ಇಳಿದುಹೋಗಿತ್ತು. ಆ ಚಾಲಕನನ್ನು ನೆನೆದು ಅವನಿಗೆ ಅಯ್ಯೋ ಅನಿಸಿತ್ತು.

"ಪಕ್ಕದ ತಂಡದವನು ಗೆದ್ದನೆ, ಬುದ್ಧಿ?"

"ಗೆಲ್ಲಲಿಲ್ಲ. ಆರನೆಯವನಾಗಿ ಬಂದ. ಆದರೆ ಕೊನೆಯ ಗೆರೆಯ ತನಕ ಬಂದ."

ಮೃತ್ಯುಂಜಯನನ್ನು ಏಕೆ ಕಳಿಸುತ್ತಿದ್ದಾರೆಂದು ಶಾಂತವೀರನಿಗೆ ಈಗ ತಿಳಿಯಿತು. ತನ್ನನ್ನು ಏಕೆ ನಿಲ್ಲಿಸಿದರೆಂಬುದು ತಿಳಿಯಲಿಲ್ಲ. ತಿಳಿಯಬಾರದೆಂದು ಅವನ ಮನಸ್ಸೇ ಹಟ ಹಿಡಿದಿತ್ತು ಅಂದರೂ ಸರಿ.

"ಆದರೆ ನಾನು ಏನನ್ನೂ ಮುಚ್ಚಿಟ್ಟಿಲ್ಲವಲ್ಲ, ಬುದ್ಧಿ. ಓದಿದ್ದನ್ನೆಲ್ಲ ನಿಮ್ಮ ಮುಂದೆಯೇ ಓದಿದ್ದೇನೆ."

ಗುರುಗಳು ಪುರಾಣದ ಪುಸ್ತಕವನ್ನು ಅವನ ಕಡೆಗೆ ಸರಿಸಿದರು.

"ಶರಣರ ತಾಯಿ ತೀರಿಕೊಳ್ಳುವ ಅಧ್ಯಾಯವನ್ನು ನೀನು ಒಂದು ದಿನವೂ ಆರಿಸಲಿಲ್ಲ, ಮರಿ, ಅದನ್ನು ಇಲ್ಲಿ ಓದು, ಗಂಟಲು ಕಟ್ಟಿದರೆ ನಾನಿದ್ದೇನೆ."

ಶಾಂತವೀರ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು ಆ ಅಧ್ಯಾಯವನ್ನು ತೆರೆದ.