ದಾರಿ ಖರ್ಚು ಕೇಳದ ಬಡಗಿ

"ಗುರುಗಳೇ, ದಾರಿ ಖರ್ಚನ್ನು ಬಿಲ್ಲಿಗೆ ಸೇರಿಸಿದರೆ ದುರಾಸೆಯಾಗುತ್ತದೆಯೇ?"

ಮೌನೇಶ ಕೂರುವ ಮೊದಲೇ ಕೇಳಿದ. ಅವನು ಯಾರ ಕೈಕೆಳಗೂ ಇಲ್ಲದೆ, ಎಣ್ಣೆ ಗಿರಣಿಗಳಿಗೆ ಯಂತ್ರ ಜೋಡಿಸುವ ಗುತ್ತಿಗೆ ಹಿಡಿಯುವವನು. ದೂರದ ಊರಿನ ದೊಡ್ಡ ಗಿರಣಿಯೊಂದರ ಕೆಲಸ ಸಿಕ್ಕಿತ್ತು. ಮೊದಲ ಬಿಲ್ಲನ್ನು ಮರುದಿನ ಕೊಡಬೇಕಿತ್ತು. ಖುಷಿಗೆ ಅವನ ಮಾತು ಒಂದರ ಮೇಲೊಂದು ಬೀಳುತ್ತಿತ್ತು.

"ಮೂರು ಬಸ್ಸು ಬದಲಿಸಿ ಹೋಗುತ್ತೇನೆ. ಅಲ್ಲಿ ಲಾಡ್ಜಿನಲ್ಲಿ ಉಳಿಯುತ್ತೇನೆ. ಅದನ್ನೆಲ್ಲ ಬರೆಯದೆ ಬಿಟ್ಟರೆ ಗಿರಣಿಯ ಸಾಹುಕಾರರು ಎಷ್ಟು ಮೆಚ್ಚಿಕೊಂಡಾರು! ವರ್ಷವಿಡೀ ನನ್ನನ್ನೇ ಕರೆಯುತ್ತಾರೆ. ಬಿಟ್ಟೇಬಿಡಲೇ?"

ಗುರುಗಳು ಮಠ ಸೇರುವ ಮೊದಲು ಮೂವತ್ತು ವರ್ಷ ಮೆಣಸಿನ ವ್ಯಾಪಾರ ಮಾಡಿದವರು. "ಮೊದಲು ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಕಡಲ ದಂಡೆಯಲ್ಲಿ ಒಬ್ಬ ಉಪ್ಪಿನ ವರ್ತಕನಿದ್ದ. ಅವನಿಗೆ ನಾಲ್ಕು ಉಪ್ಪಿನ ಗದ್ದೆ. ಗದ್ದೆಗೂ ಕಡಲಿಗೂ ನಡುವೆ ಮಣ್ಣಿನ ಒಡ್ಡು. ಒಡ್ಡಿನಲ್ಲಿ ಒಂದು ಮರದ ಬಾಗಿಲು. ಬಾಗಿಲೆತ್ತಿದರೆ ಕಡಲ ನೀರು ಒಳಗೆ ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ. ಒಳಗೆ ಬಂದ ನೀರು ಬಿಸಿಲಿಗೆ ಆರಿ ಉಪ್ಪಾಗುತ್ತದೆ. ಬಾಗಿಲು ಗಟ್ಟಿಯಿದ್ದರೆ ಆ ವರ್ತಕ ಧನಿಕ. ಸೀಳಿದರೆ ಭಿಕಾರಿ. ನಡುವೆ ಬೇರೇನೂ ಇಲ್ಲ.

ಬಾಗಿಲು ನೋಡಿಕೊಳ್ಳುವ ಕೆಲಸ ಕೇಳಿಕೊಂಡು ಇಬ್ಬರು ಬಡಗಿಗಳು ಬಂದರು. ಒಬ್ಬ ಪಕ್ಕದ ಊರಿನವನು. ಕೂಲಿ ಹೇಳಿದ, ಅದರ ಮೇಲೆ ದೋಣಿಗೆ ಕೊಡುವ ಎರಡು ಕಾಸನ್ನೂ ಕೇಳಿದ. ಇನ್ನೊಬ್ಬ ಅಷ್ಟೇ ಕೂಲಿ ಹೇಳಿ, "ದಾರಿಯದು ಏನೂ ಬೇಡ ಧಣಿ" ಎಂದ.

"ನಿನ್ನ ಊರು ದೂರವೇನಯ್ಯಾ?"

"ಇಲ್ಲೇ ಧಣಿ, ಹೊಳೆಯಾಚೆ."

ವರ್ತಕ ಹಿಗ್ಗಿದ. ಎರಡು ಕಾಸು ಕೇಳಿದವನನ್ನು ಕಳಿಸಿಬಿಟ್ಟ. ಆ ಬಡಗಿ ಬೇರೊಂದು ಬಂದರಿಗೆ ಹೋಗಿ ಹಡಗು ಕಟ್ಟುವ ಕೆಲಸಕ್ಕೆ ಸೇರಿಕೊಂಡ.

ಹೊಳೆಯಾಚೆ ಎಂದದ್ದು ಸುಳ್ಳಲ್ಲ. ಆದರೆ ಹೊಳೆ ದಾಟಿದ ಮೇಲೆ ಹನ್ನೆರಡು ಹರದಾರಿ ನಡೆಯಬೇಕಿತ್ತು. ಬಡಗಿ ಎರಡು ದಿನ ಮೊದಲೇ ಮನೆ ಬಿಡುತ್ತಿದ್ದ. ಛತ್ರದಲ್ಲಿ ಮಲಗುತ್ತಿದ್ದ. ಮುಂಚೆಯೇ ಗೊತ್ತುಮಾಡಿದ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಒಡ್ಡಿನ ಮೇಲೆ ನಿಂತಿರುತ್ತಿದ್ದ. ವರ್ತಕ ಸಂತೆಯಲ್ಲೆಲ್ಲ ಅವನನ್ನು ಕೊಂಡಾಡಿದ. ಬಡಗಿ ಆ ಮಾತು ಕೇಳಿ ಉಬ್ಬಿದ. ಹೀಗೆ ಮೂರು ವರ್ಷ ಕಳೆಯಿತು.

ನಾಲ್ಕನೆಯ ಬೇಸಿಗೆ. ಅಂಥ ಬೆಳೆ ಯಾರೂ ಕಂಡಿರಲಿಲ್ಲ! ನಾಲ್ಕು ಗದ್ದೆಯೂ ಬೆಳ್ಳಗೆ. ಅಮಾವಾಸ್ಯೆಗೆ ನಾಲ್ಕು ದಿನವಿರುವಾಗ ಆಳೊಬ್ಬ ಬಂದು, ಬಾಗಿಲು ಸೀಳು ಬಿಟ್ಟಿದೆ, ಅಮಾವಾಸ್ಯೆಯ ಉಬ್ಬರವನ್ನು ತಡೆಯಲಾರದು ಎಂದ. ವರ್ತಕ ಲೆಕ್ಕ ಹಾಕಿದ. ರಿಪೇರಿ ಎಂದರೆ ಒಂದು ದಿನ ಕೆಲಸ ನಿಲ್ಲಬೇಕು. ಬಡಗಿ ಹೊಳೆಯಾಚೆಯೇ ಇದ್ದಾನೆ. ಕೊನೆಯ ದಿನ ಕರೆದರಾಯಿತು, ಅಲ್ಲಿಯವರೆಗೆ ಸಿಕ್ಕಷ್ಟು ಉಪ್ಪು ಎತ್ತೋಣ. ಅವನಿಗೆ ಗೊತ್ತಿದ್ದಷ್ಟರ ಮಟ್ಟಿಗೆ ಆ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಬೆಳಗ್ಗೆ ಆಳನ್ನು ಕಳಿಸಿದ. "ಮಧ್ಯಾಹ್ನದೊಳಗೆ ಕರೆದುಕೊಂಡು ಬಾ. ಸಂಜೆಗೆ ಬಾಗಿಲು ಕೂರಲಿ."

ಆಳು ಹೊಳೆ ದಾಟಿ ಬಡಗಿಯ ಊರು ಎಲ್ಲಿ ಎಂದು ಕೇಳಿದ. "ಇನ್ನೂ ಮುಂದೆ" ಎಂದರು. ಮುಂದಿನ ಊರಿನಲ್ಲಿ ಕೇಳಿದ. "ಅಯ್ಯೋ, ಅದು ಇನ್ನೂ ಮುಂದೆ!" ಆಳು ಓಡತೊಡಗಿದ. ಮಧ್ಯಾಹ್ನವಾಯಿತು. ಇನ್ನೂ ಮುಂದೆ! ಬಿಸಿಲು ಇಳಿಯಿತು. ಇನ್ನೂ ಮುಂದೆ! ಹೊತ್ತು ಮುಳುಗುವಾಗ ಬಡಗಿಯ ಅಂಗಳದಲ್ಲಿ ಕುಸಿದು ಬಿದ್ದ. ಬಾಗಿಲಿನ ಸುದ್ದಿ ಕೇಳಿದ್ದೇ ತಡ, ಬಡಗಿ ಎದ್ದ. ಉಳಿ, ಬಾಚಿ, ಎರಡು ಹಲಗೆ ಹೆಗಲಿಗೇರಿಸಿ ಓಡಿದ. ಕಾಲು ಒಡೆದು ರಕ್ತ ಬಂತು, ನಿಲ್ಲಲಿಲ್ಲ. ದೋಣಿಯವನು ಹುಟ್ಟು ಹಾಕುವುದು ತಡವಾಯಿತೆಂದು ತಾನೇ ಹುಟ್ಟು ಹಿಡಿದ. ಬೆಳಗಾಗುವಾಗ ಒಡ್ಡು ಕಣ್ಣಿಗೆ ಬಿತ್ತು. ಇನ್ನೊಂದು ಕೂಗಳತೆ!

ಅಷ್ಟರಲ್ಲಿ ಕಡಲು ಬಾಗಿಲನ್ನು ಕಿತ್ತು ಒಳಗೆ ನುಗ್ಗಿತು.

ಬಡಗಿ ನೀರಿಗೆ ಹಾರಿದ. ಎದೆಮಟ್ಟ ನೀರಿನಲ್ಲಿ ನಿಂತು, ಕೊನೆಯ ಗದ್ದೆಗೆ ನೀರು ನುಗ್ಗುವ ಕಂಡಿಗೆ ಹಲಗೆ ಹೊಡೆದ. ಆ ಗದ್ದೆ ಉಳಿಯಿತು. ಉಳಿದ ಮೂರೂ ನೀರಾದವು.

ವರ್ತಕ ಒಡ್ಡಿನ ಮೇಲಿಂದ ಕೂಗಿದ. "ಎಲ್ಲಿ ಸತ್ತಿದ್ದೆಯೋ ನಿನ್ನೆಯಿಂದ?"

"ದಾರಿಯಲ್ಲಿದ್ದೆ ಧಣಿ. ನನ್ನ ಊರು ಹನ್ನೆರಡು ಹರದಾರಿ."

"ಹನ್ನೆರಡೇ? ಮೂರು ವರ್ಷದಲ್ಲಿ ಒಂದು ಕಾಸು ದಾರಿ ಖರ್ಚು ಕೇಳಿಲ್ಲವಲ್ಲೋ! ಮನೆ ಪಕ್ಕದವನು ಅಂದುಕೊಂಡಿದ್ದೆ!"

"ಕೇಳುವುದಕ್ಕೆ ಸಂಕೋಚವಾಯಿತು ಧಣಿ."

"ನಿನ್ನ ಸಂಕೋಚದಲ್ಲಿ ನನ್ನ ಉಪ್ಪು ಕರಗಿತಲ್ಲೋ!" ವರ್ತಕ ತಲೆ ಹಿಡಿದು ಕೂತ. ಆಮೇಲೆ ಕೇಳಿದ. "ಇವತ್ತಿನ ದಾರಿ ಖರ್ಚು ಎಷ್ಟಾಯಿತು, ಹೇಳು."

ಬಡಗಿ ಕೈ ಮುಗಿದ. "ಏನೂ ಬೇಡ ಧಣಿ."

"ಇನ್ನೂ ಬೇಡವಂತೆ!" ಎಂದು ವರ್ತಕ ಎದ್ದು ನಿಂತ. ಆ ಕ್ಷಣವೇ ಅವನನ್ನು ಕೆಲಸದಿಂದ ಬಿಡಿಸಿದ.

ಗುರುಗಳು ಕತೆ ನಿಲ್ಲಿಸಿದರು. ಮೌನೇಶ ತುದಿಗಾಲಿನಲ್ಲಿದ್ದ.

"ಅದು ಅನ್ಯಾಯ, ಗುರುಗಳೇ! ಊರು ಎಲ್ಲಿ ಎಂದು ಆ ವರ್ತಕ ಸರಿಯಾಗಿ ವಿಚಾರಿಸಬೇಕಿತ್ತು."

"ವಿಚಾರಿಸಬೇಕಿತ್ತು. ಅದಕ್ಕೆ ಅವನು ಮೂರು ಗದ್ದೆ ತೆತ್ತ."

"ಆದರೆ ಬಡಗಿ ಮಾಡಿದ ತಪ್ಪಾದರೂ ಏನು? ಯಾರಿಂದಲೂ ಒಂದು ಕಾಸು ಹೆಚ್ಚು ಪಡೆಯಲಿಲ್ಲ. ದೋಣಿಗೆ, ಛತ್ರಕ್ಕೆ ತನ್ನ ಕೈಯಿಂದಲೇ ಕೊಟ್ಟ. ಒಳ್ಳೆಯವನು ಎಂದು ಹೆಸರು ಪಡೆದ, ಅಷ್ಟೇ ಅಲ್ಲವೇ?"

"ದೋಣಿಗೂ ಛತ್ರಕ್ಕೂ ಅವನೇ ಕೊಟ್ಟ, ಮೌನೇಶ. ಆದರೆ ಆ ಒಳ್ಳೆಯ ಹೆಸರಿನ ಬೆಲೆ ತೆತ್ತವರು ಯಾರು?"