ನಾಲ್ಕನೇ ಜ್ವರ

ಕೃಷಿ ಕಾಲೇಜಿನಲ್ಲಿ ಮೂರನೇ ವರ್ಷ ಓದುತ್ತಿದ್ದ ಇಂದುಮತಿ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವವಳು. ಹೇಳಿದ ಉತ್ತರ ಸರಿಯಾಗಿಯೇ ಇರುತ್ತಿತ್ತು.

ಅದಕ್ಕೇ ಅವಳನ್ನು ರೈತರ ಸಲಹಾ ಮೇಜಿಗೆ ಕೂರಿಸಿದ್ದರು. ಪ್ರತಿ ಬುಧವಾರ ಸುತ್ತಲಿನ ಹಳ್ಳಿಯವರು ರೋಗ ಬಿದ್ದ ಎಲೆ, ಕೊಳೆತ ಕಾಯಿ ಹಿಡಿದುಕೊಂಡು ಅಲ್ಲಿಗೆ ಬರುತ್ತಿದ್ದರು.

ಒಂದು ಬುಧವಾರ ಮಧ್ಯಾಹ್ನ ಅವಳ ಗುರುಗಳಾದ ರುದ್ರಮುನಿ ಮೇಜಿನ ಹತ್ತಿರ ಬಂದು ನಿಂತರು. ರೇಷ್ಮೆ ಪಾಠ ಹೇಳುವವರು, ಕಡಿಮೆ ಮಾತಿನವರು.

"ಎಷ್ಟು ಜನ ಬಂದಿದ್ರು?"

"ಹನ್ನೊಂದು ಜನ, ಸರ್. ಎಲ್ಲರಿಗೂ ಹೇಳಿ ಕಳಿಸಿದೆ. ಕೊನೆಗೆ ಬಂದವರು ಪಿಳ್ಳಮ್ಮ ಅಂತ. ಹಿಪ್ಪುನೇರಳೆ ಕುಡಿ ಮುದುರಿಕೊಂಡಿತ್ತು. ಹಿಟ್ಟುತಿಗಣೆ. ನೋಡಿದ ತಕ್ಷಣ ಗೊತ್ತಾಯ್ತು, ಔಷಧಿ ಬರೆದುಕೊಟ್ಟೆ."

ರುದ್ರಮುನಿ ಮೇಜಿನ ಮೇಲಿದ್ದ ಕುಡಿಯನ್ನು ಬಿಡಿಸಿ ನೋಡಿದರು. ಹಿಟ್ಟುತಿಗಣೆಯೇ.

"ಅವರ ಮನೇಲಿ ಹುಳು ಯಾವ ಜ್ವರದಲ್ಲಿವೆ?"

ರೇಷ್ಮೆ ಹುಳು ಪೊರೆ ಬಿಡುವ ಮೊದಲು ಮೇವು ನಿಲ್ಲಿಸಿ, ಒಂದು ದಿನ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆ ಎಂಟು ದಿನ ಬಿಡದೆ ತಿಂದು ಗೂಡು ಕಟ್ಟುತ್ತದೆ. ಇದೆಲ್ಲ ಇಂದುಮತಿಗೆ ಬಾಯಿಪಾಠ.

"ಕೇಳಲಿಲ್ಲ, ಸರ್."

ಹೇಳುತ್ತಿದ್ದ ಹಾಗೆಯೇ ಅವಳಿಗೆ ತಪ್ಪು ಹೊಳೆಯಿತು. ಆ ಔಷಧಿ ಹೊಡೆದ ಸೊಪ್ಪನ್ನು ಹದಿನೈದು ದಿನ ಹುಳುಗಳಿಗೆ ಹಾಕುವಂತಿಲ್ಲ. ಹಾಕಿದರೆ ಒಂದೂ ಉಳಿಯುವುದಿಲ್ಲ. ಅದನ್ನು ಅವಳು ಹೇಳಿಯೇ ಇರಲಿಲ್ಲ.

"ಅವರ ನಂಬರ್ ಇಲ್ಲ, ಸರ್. ಚೀಟಿಯಲ್ಲಿ ಊರಿನ ಹೆಸರಷ್ಟೇ ಇದೆ. ನೀವು ಅಲ್ಲಿ ಯಾರಿಗಾದರೂ ಹೇಳಿಸ್ತೀರಾ?"

"ಔಷಧಿ ಬರೆದುಕೊಟ್ಟವರು ಯಾರು?"

ಇಂದುಮತಿ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದಳು.

ಊರಲ್ಲಿ ಇಳಿದು, ಅವರಿವರನ್ನು ಕೇಳಿ ಹುಡುಕುವಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಪಿಳ್ಳಮ್ಮ ತೋಟದಲ್ಲಿದ್ದರು. ಬೆನ್ನ ಮೇಲೆ ಸ್ಪ್ರೇಯರ್. ಅರ್ಧ ತೋಟ ಆಗಲೇ ಒದ್ದೆಯಾಗಿತ್ತು.

"ನಿಲ್ಲಿಸಿ ಅಮ್ಮಾ!"

"ಏನ್ ಮೇಡಮ್ಮೋರೆ, ಇಲ್ಲೀಗಂಟ ಬಂದ್ಬಿಟ್ರಿ?"

"ಹುಳು ಯಾವ ಜ್ವರದಲ್ಲಿವೆ?"

"ನಾಲ್ಕನೇದಕ್ಕೆ ಕೂತವೆ. ನಾಳೆ ಬೆಳಗ್ಗೆ ಏಳ್ತವೆ."

ಸುತ್ತಿ ಬಳಸಿ ಹೇಳುವ ಮಾತುಗಳು ಇಂದುಮತಿಗೆ ಎಷ್ಟೋ ಹೊಳೆದವು. ಅವನ್ನೆಲ್ಲ ಬಿಟ್ಟಳು.

"ನಾನು ತಪ್ಪು ಹೇಳಿದೆ. ಈ ಸೊಪ್ಪು ತಿಂದರೆ ಹುಳು ಸಾಯ್ತವೆ. ಮುದುರಿದ ಕುಡಿ ಚಿವುಟಿ ಸುಟ್ಟಿದ್ರೆ ಸಾಕಾಗ್ತಿತ್ತು. ನಾನು ನಿಮ್ಮನ್ನ ಕೇಳಬೇಕಿತ್ತು, ಕೇಳಲಿಲ್ಲ."

ಪಿಳ್ಳಮ್ಮ ಸ್ಪ್ರೇಯರ್ ಕೆಳಗಿಟ್ಟರು. ಟೊಮೆಟೊ ಬೆಳೆಯುತ್ತಿದ್ದ ಅವರಿಗೆ ರೇಷ್ಮೆ ಹೊಸದು. ಇದು ಎರಡನೇ ಬೆಳೆ.

"ಕಾಲೇಜಿನೋರು ಹೇಳಿದ ಮೇಲೆ ಇನ್ನೇನು ಕೇಳೋದು ಅಂದ್ಕಂಡೆ," ಅಂದರು. ದನಿಯಲ್ಲಿ ಸಿಟ್ಟಿತ್ತು. "ಉಳಿದಿರೋ ಸೊಪ್ಪು ಐದು ದಿನಕ್ಕೆ ಬಂದೀತು. ಆಮೇಲೆ ಮೂರು ದಿನ ಏನ್ ಹಾಕ್ಲಿ? ಹಸ್ಕಂಡ ಹುಳ ಗೂಡು ಕಟ್ತದಾ?"

ಇಂದುಮತಿ ಮೊದಲು ಒಂದು ಹಗ್ಗ ಕೇಳಿ ತೆಗೆದುಕೊಂಡಳು. ಒದ್ದೆಯಾದ ಸಾಲುಗಳ ಜೊತೆಗೆ, ಗಾಳಿಗೆ ಔಷಧಿ ಹಾರಿರಬಹುದಾದ ಪಕ್ಕದ ಎರಡು ಸಾಲನ್ನೂ ಬಿಟ್ಟು, ಅಲ್ಲಿಂದ ಈಚೆಗೆ ಅದನ್ನು ಕಟ್ಟಿದಳು. ಹಗ್ಗದ ಆಚೆಯದನ್ನು ಮುಟ್ಟಬೇಡಿ ಅಂದಳು. ಸ್ನಾನ ಮಾಡಿ, ಸೀರೆ ಬದಲಿಸಿಯೇ ಹುಳುಮನೆಗೆ ಹೋಗಿ ಅಂದಳು.

ಬಸ್ಸು ಬರುವ ಮುಂಚೆ ಪಿಳ್ಳಮ್ಮನ ಹತ್ತಿರ ಬಂದು ಹೇಳಿದಳು: "ಆ ಮೂರು ದಿನದ ಸೊಪ್ಪು ನಾನು ತರ್ತೀನಿ."

ಮರುದಿನ ಬೆಳಗ್ಗೆ ರುದ್ರಮುನಿಯವರ ಕೋಣೆಗೆ ಹೋದಳು.

"ಸರ್, ಪಿಳ್ಳಮ್ಮನವರಿಗೆ ಮೂರು ದಿನದ ಸೊಪ್ಪು ಬೇಕು. ನನ್ನ ತಾಕಿನಲ್ಲಿದೆ."

ಕಾಲೇಜಿನ ಹೊಲದಲ್ಲಿ ಅವಳಿಗೊಂದು ತಾಕು ಕೊಟ್ಟಿದ್ದರು. ಮೂರು ಬಗೆಯ ಗೊಬ್ಬರ ಹಾಕಿ ಹಿಪ್ಪುನೇರಳೆ ಬೆಳೆಸಿದ್ದಳು. ಅರವತ್ತನೇ ದಿನ ಸೊಪ್ಪು ಕೊಯ್ದು, ತೂಗಿ, ಯಾವ ಗೊಬ್ಬರ ಮೇಲು ಎಂದು ವರದಿ ಬರೆಯಬೇಕು. ಅರವತ್ತಕ್ಕೆ ಇನ್ನೂ ಎರಡು ವಾರವಿತ್ತು.

"ಈಗಲೇ ಕೊಯ್ದರೆ ವರದಿ?"

"ಇರಲ್ಲ, ಸರ್."

"ಅಂಕ?"

"ಅದೂ ಇರಲ್ಲ. ಕೊಡಲಾ, ಸರ್?"

"ತಾಕು ಯಾರದು?"

"ನನ್ನದು."

ರುದ್ರಮುನಿ ಎದ್ದರು. ಬಾಗಿಲ ಹಿಂದೆ ನೇತುಹಾಕಿದ್ದ ಎರಡು ಕುಡುಗೋಲು ತೆಗೆದು ಒಂದನ್ನು ಅವಳ ಕೈಗಿತ್ತರು. ಇನ್ನೊಂದನ್ನು ತಾವೇ ಇಟ್ಟುಕೊಂಡರು. "ಇನ್ನೂ ಐದು ದಿನ ಇದೆ, ಮಸೆದಿಟ್ಟುಕೊ," ಅಂದರು.

ಪಿಳ್ಳಮ್ಮನ ಸೊಪ್ಪು ಮುಗಿದ ಮೇಲೆ, ಮಂಗಳವಾರದಿಂದ ಮೂರು ದಿನ, ಬೆಳಗಿನ ತಂಪು ಹೊತ್ತಿನಲ್ಲಿ, ಗುರು ಶಿಷ್ಯೆ ಇಬ್ಬರೂ ಸೊಪ್ಪು ಕೊಯ್ದರು. ಹಾಸ್ಟೆಲಿನ ಇಬ್ಬರು ಗೆಳತಿಯರು ಕಟ್ಟು ಕಟ್ಟಿದರು. ಪಿಳ್ಳಮ್ಮನ ಮೈದುನ ಲಗೇಜ್ ಆಟೋ ತಂದು ತುಂಬಿಕೊಂಡು ಹೋದ.

ಮೂರನೇ ದಿನ ಇಂದುಮತಿಯೂ ಆಟೋ ಹತ್ತಿದಳು.

ಹುಳುಮನೆಯಲ್ಲಿ ಪಿಳ್ಳಮ್ಮ ಸೊಪ್ಪು ಇಳಿಸಿಕೊಂಡರು. ಬೆಳಕಿನ ಕಡೆ ತಿರುಗಿ ಒಂದು ಹುಳುವನ್ನು ಎತ್ತಿ ನೋಡಿದರು.

"ಕೈ ನೀಡು, ಅಮ್ಮಣ್ಣಿ."

ಹುಳು ಅಂಗೈ ಮೇಲೆ ತಲೆಯೆತ್ತಿ ಆ ಕಡೆ ಈ ಕಡೆ ಆಡಿಸುತ್ತಿತ್ತು. ಮೈಯೆಲ್ಲ ತಿಳಿ ಹಳದಿ. ಗೂಡು ಕಟ್ಟುವಷ್ಟು ಹಣ್ಣಾಗಿತ್ತು.

"ಮೊದಲ್ನೇದು. ನೀನೇ ಚಂದ್ರಿಕೆಗೆ ಬಿಡು."

ಹುಳುಗಳು ಗೂಡು ಕಟ್ಟಲೆಂದು ಇಡುವ ತಟ್ಟೆ ಅದು; ಇಂದುಮತಿ ಹುಳುವನ್ನು ಚಂದ್ರಿಕೆಯ ಬಿದಿರಿನ ಸುತ್ತುಗಳ ನಡುವೆ ಬಿಟ್ಟಳು. ಸ್ವಲ್ಪ ಹೊತ್ತು ಅದು ಸುಮ್ಮನೆ ಹರಿದಾಡಿತು. ಆಮೇಲೆ ಒಂದು ಕಡೆ ನಿಂತು ನೂಲು ಬಿಡತೊಡಗಿತು. ಪಿಳ್ಳಮ್ಮ ಆಗಲೇ ಎರಡನೆಯದನ್ನು ಹುಡುಕುತ್ತಿದ್ದರು.

ತಾಕು ಬೋಳಾಯಿತು. ವರದಿಯ ಹಾಳೆಯಲ್ಲಿ ಇಂದುಮತಿ ಸೊಪ್ಪು ಎಲ್ಲಿಗೆ ಹೋಯಿತು, ಯಾಕೆ ಹೋಯಿತು ಎಂದು ಎರಡು ಸಾಲು ಬರೆದು ಕೊಟ್ಟಳು. ರುದ್ರಮುನಿ ಓದಿದರು. ಅಂಕ ಕೊಡಲಿಲ್ಲ. ಮುಂದಿನ ಬೆಳೆಗೆ ಅವಳು ಮತ್ತೆ ಗೊಬ್ಬರ ಹಾಕಿದಳು.

ಅದರ ಮುಂದಿನ ಬುಧವಾರ ಸಲಹಾ ಮೇಜಿನ ಮುಂದೆ ನಾಲ್ಕು ಜನ ಕಾಯುತ್ತಿದ್ದರು. ಇಂದುಮತಿ ಕಂಬದ ಪಕ್ಕ ನಿಂತಿದ್ದಳು.

"ಕೂರು," ಅಂದರು ರುದ್ರಮುನಿ.

"ಇನ್ನೊಂದು ವರ್ಷ ಚೆನ್ನಾಗಿ ಓದಿ ಆಮೇಲೆ ಕೂರ್ತೀನಿ, ಸರ್."

"ಓದಿದ್ದರಲ್ಲಿ ಏನು ಕಡಿಮೆಯಾಗಿತ್ತು?"

ಅವಳು ಯೋಚಿಸಿದಳು. ಓದಿದ್ದರಲ್ಲಿ ಏನೂ ಕಡಿಮೆಯಾಗಿರಲಿಲ್ಲ.

ಕುರ್ಚಿ ಎಳೆದು ಕೂತಳು. ಮೊದಲು ನಿಂತಿದ್ದವರನ್ನು ಹತ್ತಿರ ಕರೆದು, ಎಲೆ ತೆಗೆದುಕೊಳ್ಳುವ ಮುಂಚೆ ಸ್ಟೂಲು ತೋರಿಸಿ, "ಕೂತ್ಕೊಳ್ಳಿ, ನಿಮ್ಮ ಹೊಲದ ವಿಷಯ ಹೇಳಿ" ಅಂದಳು. ಆಮೇಲೆ ತಲೆಯೆತ್ತಿ ಮೆಲ್ಲಗೆ ಕೇಳಿದಳು.

"ಮತ್ತೆ ತಪ್ಪಾದರೆ, ಸರ್?"

"ಆಗುತ್ತೆ," ಅಂದರು ರುದ್ರಮುನಿ. "ಬಂದವರನ್ನು ಕಳಿಸೋ ಮೊದಲು ಅವರ ಮನೆಗೆ ದಾರಿ ಕೇಳಿಟ್ಟುಕೊ."